ಎಫ್‌ಸಿ ಪಾಸಾಯ್ತು, ಬ್ರೇಕ್ ಪೈಪ್ ಮಾತ್ರ ಹಳೆಯದೇ ಇತ್ತು

ಮಲೆನಾಡಿನ ಕಡೆ ಪಿಕಪ್, ಜೀಪು, ಹಳೇ ವ್ಯಾನು ಇಟ್ಟುಕೊಂಡವರೆಲ್ಲ ಇದನ್ನು ಓದಿ. ಬ್ರೇಕ್ ಪೈಪ್ (ಬ್ರೇಕ್ ಆಯಿಲನ್ನು ಚಕ್ರಗಳಿಗೆ ಒಯ್ಯುವ ಪೈಪು) ತುಕ್ಕು ಹಿಡಿದಿದೆ ಅಂತ ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ಪರೀಕ್ಷೆ, ಫೇಲ್ ಆದರೆ, "ಇಲ್ಲೇ ಹತ್ತಿರದಲ್ಲಿ ಮಾಡಿಸಿ, ಸಂಜೆಗೆ ಪಾಸ್" ಅನ್ನುವವರ ಮಾತು ಕೇಳಬೇಡಿ. ನನಗೆ 8,500 ರೂಪಾಯಿ ಹೋಯಿತು. ದುಡ್ಡು ಹಾಳಾಗಿ ಹೋಗಲಿ, ಜೀವವೇ ಹೋಗುತ್ತಿತ್ತು.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಒಂದು ಪಿಕಪ್ ಇದೆ. ತೋಟದ ಕೆಲಸ, ಗೊಬ್ಬರ, ಹಸಿ ಅಡಿಕೆ, ಎಲ್ಲ ಅದರಲ್ಲೇ. 8 ವರ್ಷ ದಾಟಿದ ಗಾಡಿ, ಹಾಗಾಗಿ ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು. ಎಫ್‌ಸಿ ಇಲ್ಲದೆ ರಸ್ತೆಗೆ ಇಳಿದು ಏನಾದರೂ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ ಅಂತ ಎಲ್ಲರಿಗೂ ಗೊತ್ತು. ಮಳೆ ಹಿಡಿಯುವ ಮೊದಲೇ ಮುಗಿಸಿಬಿಡೋಣ ಅಂತ ಶಿವಮೊಗ್ಗಕ್ಕೆ ತೆಗೆದುಕೊಂಡು ಹೋದೆ.

ಬ್ರೇಕ್ ಇನ್‌ಸ್ಪೆಕ್ಟರ್, ಅಂದರೆ ಗಾಡಿ ಪರೀಕ್ಷೆ ಮಾಡುವ ಆರ್‌ಟಿಒ ಅಧಿಕಾರಿ, ಒಳ್ಳೆ ಮನುಷ್ಯ. ಸುಮ್ನೆ ಲೈಟು, ಹಾರ್ನು ನೋಡಿ ಬಿಡಲಿಲ್ಲ. ಬಗ್ಗಿ, ಟಾರ್ಚ್ ಹಾಕಿ, ಚಾಸಿಸ್ ಉದ್ದಕ್ಕೂ ಹೋಗುವ ಪೈಪನ್ನು ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೋರಿಸಿದರು. ತುಕ್ಕು ಪದರ ಪದರವಾಗಿ ಉದುರಿತು. ಪೈಪನ್ನು ಚಾಸಿಸ್‌ಗೆ ಹಿಡಿದಿಡುವ ಕ್ಲಿಪ್ಪುಗಳ ಅಡಿಯಲ್ಲಂತೂ ಕೆಸರು ಕೂತು ಕೂತು ಪೈಪ್ ಅರ್ಧ ಸವೆದಿತ್ತು. "ಇದು ಘಾಟಿಯಲ್ಲಿ ಒಡೆದರೆ ಏನು ಮಾಡ್ತೀರಿ? ಪೂರ್ತಿ ಹೊಸದು ಹಾಕಿಸಿಕೊಂಡು ಬನ್ನಿ" ಅಂದರು. ಫೇಲ್. ನನಗೆ ಅವರ ಮೇಲೆ ಒಂದಿಷ್ಟೂ ಸಿಟ್ಟಿಲ್ಲ. ಅವರು ಹೇಳಿದ್ದೇ ಸರಿ.

ತುಕ್ಕು ಯಾಕೆ ಹಿಡಿಯಿತು ಅನ್ನುವುದೂ ಗುಟ್ಟೇನಲ್ಲ. ನಾವು ಕೊಳ್ಳುವ ಮೊದಲು ಈ ಗಾಡಿ ಕರಾವಳಿಯಿಂದ ಮೀನಿನ ಲೋಡ್ ಹೊಡೆಯುತ್ತಿತ್ತು. ಐಸ್ ಕರಗಿದ ಉಪ್ಪುನೀರು ಎಲ್ಲ ಕೆಳಗೇ ಸುರಿಯುವುದು. ಆಮೇಲೆ ನಮ್ಮಲ್ಲಿ ಅಡಿಕೆ ಔಷಧಿಗೆ ಹಾಕುವ ಮೈಲುತುತ್ತದ (ಕಾಪರ್ ಸಲ್ಫೇಟ್) ಡ್ರಮ್ಮು. ಮೈಲುತುತ್ತದ ನೀರು ಬಿದ್ದ ಕಬ್ಬಿಣ ಉಳಿಯುತ್ತದಾ? ಔಷಧಿ ಕಲಸಿದ ಕಬ್ಬಿಣದ ಬಕೆಟ್ ಎಷ್ಟು ದಿನ ಬಾಳಿಕೆ ಬಂತು ಅಂತ ತೋಟದವರನ್ನು ಕೇಳಿ. ಮೇಲಿಂದ ಆಗುಂಬೆ ಸೀಮೆಯ ಮಳೆ. ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುವ ಕಡೆ ಓಡಾಡುವ ಗಾಡಿ. ಜೂನ್‌ನಿಂದ ಗಾಡಿಯ ಅಡಿ ಒಣಗುವುದೇ ಇಲ್ಲ. ಬ್ರೇಕ್ ಪೈಪ್ ಅಂದರೆ ಪೆನ್ಸಿಲಿಗಿಂತ ಸಣ್ಣದು, ಐದು ಮಿಲಿಮೀಟರ್ ಕೂಡ ದಪ್ಪ ಇಲ್ಲ. ಅದರೊಳಗೆ ಬ್ರೇಕ್ ಒತ್ತಿದಾಗ ಬರುವ ಪ್ರೆಶರ್ ಟೈರಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಸರಿ, ಫೇಲ್ ಆಗಿ ಹೊರಗೆ ಬಂದೆ. ಹೊರಗೆ ನಿಂತಿರುವ ಏಜೆಂಟರು ಗೊತ್ತಲ್ಲ. ಒಬ್ಬ ಬಂದ. "ಏನ್ ಸಾರ್, ಪೈಪಾ? ಇಲ್ಲೇ ನಮ್ಮವರ ಗ್ಯಾರೇಜ್ ಇದೆ. ದಿನಾ ಇದೇ ಕೆಲಸ ಅವರಿಗೆ." ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಹೊತ್ತು ಹತ್ತಿರ ಬಂದಿತ್ತು. ಗಾಡಿ ಬೇಕೇ ಬೇಕು. ಹೋದೆ.

ಗ್ಯಾರೇಜಿನ ಮಾಲೀಕ ಗಾಡಿಯ ಕೆಳಗೆ ಮಲಗಿ ನೋಡಿ ಎದ್ದ. "ಪೂರ್ತಿ ಹೋಗಿದೆ ಸಾರ್. ಮಾಸ್ಟರ್ ಸಿಲಿಂಡರ್‌ನಿಂದ ಹಿಂದಿನ ಆಕ್ಸೆಲ್ ತನಕ ಸೆಟ್ ಹಾಕ್ತೀನಿ. ಒರಿಜಿನಲ್ ಸ್ಟೀಲ್. ಬ್ರೇಕ್ ಆಯಿಲ್, ಏರ್ ತೆಗೆಯೋದು, ಲೇಬರ್ ಎಲ್ಲ ಸೇರಿ 8,500." ನಾನು ಮೂರು ಸಲ ಕೇಳಿದೆ, ಪೂರ್ತಿ ಹೊಸದಾ ಅಂತ. "ಪೂರ್ತಿ ಸಾರ್, ಪೂರ್ತಿ." ನನ್ನ ಎದುರಿಗೇ ಹುಡುಗನಿಗೆ ಹೇಳಿದ, "ಏಯ್, ಫುಲ್ ಸೆಟ್ ತಗೊಂಡ್ ಬಾ." ಎಂಥ ನಾಟಕ ಮಾರಾಯ್ರೇ! ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಕೆಲಸ ನೋಡುತ್ತಾ ನಿಲ್ಲಲು ಬಿಡಲಿಲ್ಲ. "ಪಿಟ್ ಹತ್ತಿರ ಬರಬೇಡಿ ಸಾರ್, ಆಯಿಲ್ ಬಿದ್ದಿರುತ್ತೆ, ಜಾರ್ತೀರಿ." ಮರುದಿನ ಬನ್ನಿ ಅಂದ. ಮರುದಿನ ಹೋದಾಗ ಗಾಡಿ ರೆಡಿ. ಬಗ್ಗಿ ನೋಡಿದೆ, ಪೈಪ್ ಕರ್ರಗೆ ಮಿರಮಿರ ಹೊಳೆಯುತ್ತಿತ್ತು. ಹಳೇ ಪೈಪ್ ಕೊಡಿ ಅಂತ ಕೇಳಿದೆ. ಇದನ್ನು ಗಮನಿಸಿ. ನಾನು ಬಾಯಿಬಿಟ್ಟು ಕೇಳಿದೆ. ಅವನ ಉತ್ತರ: "ಅಯ್ಯೋ, ಬೆಳಿಗ್ಗೆ ಗುಜರಿಯವನು ಬಂದಿದ್ದ, ಒಟ್ಟಿಗೆ ಕೊಟ್ಬಿಟ್ಟೆ ಸಾರ್. ಅದನ್ನ ಇಟ್ಕೊಂಡು ಏನ್ ಮಾಡ್ತೀರಿ?" ಬಿಲ್ ಕೇಳಿದರೆ, "ಜಿಎಸ್‌ಟಿ ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ." ಒಂದು ಚೀಟಿಯಲ್ಲಿ "ಬ್ರೇಕ್ ಪೈಪ್ ಫುಲ್ ಸೆಟ್, 8,500" ಅಂತ ಗೀಚಿ ಕೊಟ್ಟ. ಸೀಲಿಲ್ಲ, ಗಾಡಿ ನಂಬರಿಲ್ಲ.

ಎಫ್‌ಸಿ ಪಾಸಾಯ್ತು. ಪಾಸ್ ಮಾಡಿದವರನ್ನು ದೂರಲಾರೆ. ಬ್ರೇಕ್ ಹಿಡಿಯುತ್ತಿತ್ತು, ಎಲ್ಲೂ ಸೋರುತ್ತಿರಲಿಲ್ಲ, ಪೈಪ್ ಹೊಸದರಂತೆ ಕಾಣುತ್ತಿತ್ತು. ಕಾಣುವ ಹಾಗೆ ಮಾಡುವುದೇ ಅಲ್ವಾ ಇವರ ಕಸುಬು.

ಆಮೇಲೆ ಮಳೆ ಹಿಡಿಯಿತು. ಒಂದು ದಿನ ಸುಣ್ಣದ ಚೀಲ, ಔಷಧಿ ಡ್ರಮ್ಮು ಹಾಕಿಕೊಂಡು ತೋಟದ ಕಡೆ ಇಳಿಯುತ್ತಿದ್ದೆ. ಪಕ್ಕದಲ್ಲಿ ಔಷಧಿ ಹೊಡೆಯುವ ಹುಡುಗ ಕೂತಿದ್ದ. ನಮ್ಮ ಕಡೆಯ ಮಣ್ಣು ರಸ್ತೆ ಗೊತ್ತಲ್ಲ. ಒಂದು ಕಡೆ ದರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಇನ್ನೊಂದು ಕಡೆ ತೋಟಕ್ಕೆ ಬೀಳುವ ಇಳಿಜಾರು. ತಿರುವಿಗೆ ಮೊದಲು ಬ್ರೇಕ್ ಒತ್ತಿದೆ. ಪೆಡಲ್ ಸೀದಾ ತಳಕ್ಕೆ ಹೋಯಿತು. ಮತ್ತೆ ಮತ್ತೆ ಒತ್ತಿದೆ. ಮುಂದಿನ ಚಕ್ರ ಒಂಚೂರು ಹಿಡಿದ ಹಾಗಾಯಿತು, ಹಿಂದೆ ಏನೂ ಇಲ್ಲ. ಒಂದನೇ ಗೇರಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ದರೆಗೆ ಒರೆಸಿ ನಿಲ್ಲಿಸಿದೆ. ಹ್ಯಾಂಡ್ ಬ್ರೇಕ್ ಬೇರೆ ಕೇಬಲ್‌ನಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಬ್ರೇಕ್ ಆಯಿಲ್ ಬೇಡ. ಅದೊಂದು ಇದ್ದಿದ್ದಕ್ಕೆ ಇವತ್ತು ಬರೆಯುತ್ತಿದ್ದೇನೆ. ಹುಡುಗ ಹಾರಿ ಚಕ್ರಕ್ಕೆ ಕಲ್ಲು ಕೊಟ್ಟ. ಅವನ ಮುಖ ನೋಡಲು ಆಗಲಿಲ್ಲ ನನಗೆ. ಅವನ ಮನೆಯಲ್ಲಿ ಎರಡು ಸಣ್ಣ ಮಕ್ಕಳಿವೆ.

ತೀರ್ಥಹಳ್ಳಿಯಿಂದ ನಮ್ಮ ಪರಿಚಯದ ಮೆಕ್ಯಾನಿಕ್ ಬಂದ. ಸುತ್ತ ನಾಲ್ಕು ಜನ ಸೇರಿದ್ದರು, ಊರಲ್ಲಿ ಗಾಡಿ ನಿಂತರೆ ಸೇರುತ್ತಾರಲ್ಲ. ನಾನು ಜೋರಾಗಿಯೇ ಹೇಳಿದೆ, "ಪೈಪ್ ಎಲ್ಲ ಹೊಸದು ಮಾರಾಯ, ಮೊನ್ನೆ ತಾನೇ ಹಾಕಿಸಿದ್ದು. ಬೇರೆ ಎಂತದೋ ಆಗಿದೆ, ನೋಡು." ಅವನು ಕೆಳಗೆ ಹೋದ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೆಳಗಿಂದಲೇ ಕೇಳಿದ, "ಗೌಡ್ರೇ, ಯಾವುದು ಹೊಸ ಪೈಪು?"

ನಾನೂ ಬಗ್ಗಿ ನೋಡಿದೆ. ಅವನು ಉಗುರಿನಲ್ಲಿ ಕೆರೆದ. ಬರೀ ಉಗುರಿನಲ್ಲಿ! ಕಪ್ಪು ಪೇಂಟು ಹಪ್ಪಳದ ಹಾಗೆ ಎದ್ದು ಬಂತು. ಅದರಡಿ ಅದೇ ತುಕ್ಕು. ಅದೇ ಕ್ಲಿಪ್ಪು. ಇನ್‌ಸ್ಪೆಕ್ಟರ್ ಸ್ಕ್ರೂಡ್ರೈವರ್‌ನಲ್ಲಿ ಕೆರೆದಿದ್ದರಲ್ಲ, ಆ ಗೀರು ಕೂಡ ಹಾಗೇ ಇತ್ತು, ಪೇಂಟಿನ ಕೆಳಗೆ. ಗುಜರಿಗೆ ಹೋಗಿದೆ ಅಂದ ಪೈಪ್ ಇಷ್ಟು ದಿನ ನನ್ನ ಗಾಡಿಯ ಅಡಿಯಲ್ಲೇ ಇತ್ತು! ನಾನು ಅದರ ಮೇಲೇ ಕೂತು ಊರೆಲ್ಲ ತಿರುಗಿದ್ದೇನೆ!

ಡೀಸೆಲ್ ಟ್ಯಾಂಕಿನ ಹಿಂದೆ ಒಂದು ಮೊಳ ಉದ್ದದಷ್ಟು ಮಾತ್ರ ಕತ್ತರಿಸಿ ಬೇರೆ ಹಾಕಿದ್ದರು. ಅದೂ ಸ್ಟೀಲ್ ಅಲ್ಲ. "ಇದು ಫ್ರಿಜ್ ರಿಪೇರಿಯವರ ತಾಮ್ರದ ಪೈಪು" ಅಂದ ಮೆಕ್ಯಾನಿಕ್. ಎರಡು ತುದಿಗೂ ಹಿತ್ತಾಳೆ ನಟ್ಟು ಬಿಗಿದು ಜಾಯಿಂಟ್ ಕೊಟ್ಟಿದ್ದರು. ಬ್ರೇಕ್ ಪೈಪಿನ ತುದಿಯನ್ನು ಫ್ಲೇರಿಂಗ್ ಟೂಲ್‌ನಲ್ಲಿ ಎರಡು ಮಡಿಕೆ ಮಾಡಿ ಅರಳಿಸಿ ನಟ್ಟು ಕೂರಿಸಬೇಕು. ಅದೇನೂ ಮಾಡಿರಲಿಲ್ಲ. ತಾಮ್ರ ಮೊದಲಿಗೆ ಮೆತ್ತಗೆ ಬಗ್ಗುತ್ತದೆ, ಗಾಡಿ ಕುಲುಕಿ ಕುಲುಕಿ ಗಡುಸಾಗುತ್ತದೆ, ಆಮೇಲೆ ಜಾಯಿಂಟ್ ಹತ್ತಿರ ಸೀಳುತ್ತದೆ. ಸರಿಯಾಗಿ ಅಲ್ಲೇ ಸೀಳಿತ್ತು. ಸೋರಲು ಶುರುವಾಗಿ ದಿನಗಳೇ ಆಗಿರಬೇಕು ಅಂದ. ಬ್ರೇಕ್ ಆಯಿಲ್ ಬಿದ್ದ ಕಡೆ ಪೇಂಟ್ ಉಬ್ಬಿ ಎದ್ದಿತ್ತು.

ಅಲ್ಲಿ ನಿಂತವರಲ್ಲಿ ಒಬ್ಬರು ಕೇಳಿದರು, "ಎಷ್ಟು ಕೊಟ್ರಿ ಇದಕ್ಕೆ?" ನಾನು ಉತ್ತರ ಕೊಡಲಿಲ್ಲ. ನಮ್ಮ ಭಾವ ಹಿಂದಿನಿಂದ "ಎಂಟೂವರೆ ಸಾವಿರ" ಅಂದರು. ಎಲ್ಲರೂ ಸುಮ್ಮನಾದರು. ನಕ್ಕಿದ್ದರೂ ವಾಸಿ ಇತ್ತು.

ಗ್ಯಾರೇಜಿನ ಮಾಲೀಕನಿಗೆ ಫೋನ್ ಮಾಡಿದೆ. ಅವನು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ಓದಿ.

ಮೊದಲನೆಯದು: "ಎಫ್‌ಸಿ ಆಯ್ತಲ್ವಾ ಸಾರ್? ನೀವು ಬಂದಿದ್ದು ಎಫ್‌ಸಿಗೆ. ನಾವು ಪಾಸ್ ಮಾಡಿಸಿ ಕೊಟ್ವಿ. ಇನ್ನೇನು?"

ನಾನು ಬಂದಿದ್ದು ಬ್ರೇಕಿಗೆ ಕಣ್ರೀ, ಬ್ರೇಕಿಗೆ, ಅಂತ ಕೂಗಿದೆ. ಮನೆಯವರೆಲ್ಲ ಹೊರಗೆ ಬಂದು ನೋಡುತ್ತಿದ್ದರು.

ಆಮೇಲೆ: "ಎಲ್ಲಾ ಪೈಪ್ ಬಿಚ್ಚೋಕೆ ಹೋದ್ರೆ ಹಳೇ ನಟ್ಟು ತಿರುಗಲ್ಲ ಸಾರ್, ವೀಲ್ ಸಿಲಿಂಡರೂ ಹಾಳಾಗುತ್ತೆ. ನಿಮಗೆ ಖರ್ಚು ಜಾಸ್ತಿ ಆಗಬಾರದು ಅಂತ ಬಿಟ್ವಿ." ನನ್ನ ಖರ್ಚಿನ ಮೇಲೆ ಎಷ್ಟು ಕಾಳಜಿ ನೋಡಿ! ಹಾಗಾದರೆ ಫುಲ್ ಸೆಟ್ಟಿನ ದುಡ್ಡು ಯಾಕೆ ತಗೊಂಡ್ರಿ ಅಂದರೆ ಅದಕ್ಕೆ ಉತ್ತರ ಇಲ್ಲ. ಬೇರೆ ಮಾತು. "ತಾಮ್ರ ಸ್ಟೀಲಿಗಿಂತ ಒಳ್ಳೇದು ಸಾರ್, ತುಕ್ಕೇ ಹಿಡಿಯಲ್ಲ."

ಹೌದು, ತುಕ್ಕು ಹಿಡಿಯಲಿಲ್ಲ. ಸೀಳಿತು. ತಾಮ್ರದ ಜೊತೆ ನಿಕ್ಕಲ್ ಬೆರೆಸಿದ ಬ್ರೇಕ್ ಪೈಪ್ ಅಂತಲೇ ಬೇರೆ ಬರುತ್ತದೆ, ಅದು ತುಕ್ಕಿಗೂ ಅಂಜುವುದಿಲ್ಲ, ಪ್ರೆಶರಿಗೂ ಅಂಜುವುದಿಲ್ಲ. ಆ ಪೈಪಿಗೂ ಫ್ರಿಜ್ಜಿನ ಪೈಪಿಗೂ ಸಂಬಂಧ ಇಲ್ಲ ಅಂತ ಅವನಿಗೆ ಗೊತ್ತಿಲ್ಲದೆ ಇರುತ್ತದಾ?

ಆಮೇಲೆ ತಪ್ಪು ನನ್ನ ತಲೆಗೆ: "ನೀವು ಮಲೆನಾಡಿನವರು ಕೆಸರಲ್ಲಿ ಓಡಿಸ್ತೀರಿ, ಓವರ್‌ಲೋಡ್ ಹಾಕ್ತೀರಿ. ನಾವೇನ್ ಮಾಡೋಣ?" ಕೊನೆಗೆ ಮಹಾ ಉಪಕಾರ: "ಆಯ್ತು, ಗಾಡಿ ತಗೊಂಡ್ ಬನ್ನಿ, ನೋಡೋಣ." ಬ್ರೇಕಿಲ್ಲದ ಗಾಡಿಯನ್ನು ಮಂಡಗದ್ದೆ ಮೇಲೆ ಶಿವಮೊಗ್ಗಕ್ಕೆ, ಅರವತ್ತು ಕಿಲೋಮೀಟರ್, ಮಳೆಯಲ್ಲಿ ತಗೊಂಡು ಹೋಗಬೇಕಂತೆ!

ಫೋಟೋ ಕಳಿಸಿದೆ. ಕೆರೆದ ಪೈಪು, ತಾಮ್ರದ ತುಂಡು, ಚೀಟಿ, ಎಲ್ಲ. ನೀಲಿ ಟಿಕ್ ಬಂತು. ಒಂದು ದಿನ ಬಿಟ್ಟು ಮೆಸೇಜ್: "ಈ ಚೀಟಿ ನಮ್ಮದು ಅಂತ ಏನು ಗ್ಯಾರಂಟಿ?" ಅದೇ ಸಂಜೆ ಏಜೆಂಟ್ ಫೋನ್ ಮಾಡಿದ. "1,500 ಕೊಡಿಸ್ತೀನಿ ಸಾರ್, ದೊಡ್ಡದು ಮಾಡಬೇಡಿ." ಬೇಡ ಅಂದೆ. ಆಮೇಲೆ ಇಬ್ಬರೂ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ. ಭಾವನ ಫೋನಿನಿಂದ ಮಾಡಿದರೆ "ರಾಂಗ್ ನಂಬರ್" ಅನ್ನುತ್ತಾನೆ. ದನಿ ಗೊತ್ತಾಗುವುದಿಲ್ವಾ ನಮಗೆ?

ಈಗ ತೀರ್ಥಹಳ್ಳಿಯ ಮೆಕ್ಯಾನಿಕ್ಕೇ ಎಲ್ಲ ಬಿಚ್ಚಿ ಹೊಸದು ಹಾಕಿದ್ದಾನೆ. ಕಂಪನಿಯ ಪೈಪು, ಹಿಂದಿನ ಹೋಸು, ಸೀಲ್ ಒಡೆಯದ ಡಬ್ಬಿಯ ಬ್ರೇಕ್ ಆಯಿಲ್. ನಟ್ಟು ತಿರುಗುವುದಿಲ್ಲ ಅಂದಿದ್ದರಲ್ಲ, ಆಯಿಲ್ ಬಿಟ್ಟು ಒಂದು ರಾತ್ರಿ ಇಟ್ಟ, ತಿರುಗಿತು. ವೀಲ್ ಸಿಲಿಂಡರಿಗೆ ಏನೂ ಆಗಿಲ್ಲ.

ನಿಮಗೆ ಹೇಳುವುದು ಇಷ್ಟೇ. ಹಳೇ ಪೈಪ್ ಕೈಗೆ ಬರುವ ತನಕ ದುಡ್ಡು ಬಿಚ್ಚಬೇಡಿ. ಗುಜರಿ ಕಥೆ ಹೇಳಿದರೆ ಅಲ್ಲೇ ಗಾಡಿಯ ಕೆಳಗೆ ಬಗ್ಗಿ ಉಗುರು ಹಾಕಿ. ನಟ್ಟುಗಳನ್ನೂ ನೋಡಿ, ಪೈಪ್ ಹೊಸದಾದರೆ ನಟ್ಟೂ ಹೊಸದಿರುತ್ತದೆ, ಕಪ್ಪು ಬಳಿದಿದ್ದರೆ ಅನುಮಾನ ಪಡಿ. ನಡುವೆ ಎಲ್ಲಾದರೂ ಜಾಯಿಂಟ್ ಇದ್ದರೆ ಯಾಕೆ ಅಂತ ಕೇಳಿ. ಬಿಲ್ಲಿನಲ್ಲಿ ಗಾಡಿ ನಂಬರ್ ಬರೆಸಿ, 18 ಪರ್ಸೆಂಟ್ ಹೋದರೆ ಹೋಗಲಿ. ಮೈಲುತುತ್ತ, ಗೊಬ್ಬರ, ಮೀನು ಹಾಕಿದ ದಿನ ಗಾಡಿಯ ಅಡಿಗೂ ನೀರು ಹೊಡೆಯಿರಿ. ಏಜೆಂಟ್ ತೋರಿಸಿದ ಗ್ಯಾರೇಜ್‌ಗಂತೂ ಹೋಗಲೇಬೇಡಿ. ಒಳ್ಳೆಯವರೂ ಇರಬಹುದು, ನನಗೆ ಸಿಗಲಿಲ್ಲ.

ಸ್ವಂತ ಜೀಪು, ಕಾರು ಇದ್ದವರೂ ನಮಗೇನು ಅಂತ ಕೂರಬೇಡಿ. 15 ವರ್ಷ ಆದಮೇಲೆ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಹೋದಾಗ ನಿಮ್ಮ ಗಾಡಿಯನ್ನೂ ನೋಡುತ್ತಾರೆ. ಆಗ ಇದೇ ಏಜೆಂಟು, ಇದೇ "ಹತ್ತಿರದ ಗ್ಯಾರೇಜು".

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದ ಒಳಗಿನ ಕೇಸಿಗೆ ಅಲ್ಲಿ ಫೀಸಿಲ್ಲ. ಕಳಚಿದ ಪೈಪು, ತಾಮ್ರದ ತುಂಡು, ಚೀಟಿ, ಮೆಸೇಜುಗಳು, ಎಲ್ಲ ಇಟ್ಟುಕೊಂಡಿದ್ದೇನೆ. ಭಾವ "ಬಿಡು, ಕೋರ್ಟು ಗೀರ್ಟು ಯಾಕೆ" ಅನ್ನುತ್ತಿದ್ದಾರೆ. ನಾನು ಬಿಡುವುದಿಲ್ಲ. ಶಿವಮೊಗ್ಗದಲ್ಲಿ ಏಜೆಂಟ್ ಮೂಲಕ ಹೋಗಿ ಈ ವರ್ಷ ಬ್ರೇಕ್ ಪೈಪ್ ಹಾಕಿಸಿದವರು ಯಾರಾದರೂ ಇದ್ದರೆ ಇವತ್ತೇ ಗಾಡಿಯ ಅಡಿ ನೋಡಿ. ನಿಮಗೂ ಹೀಗೇ ಆಗಿದ್ದರೆ ತಿಳಿಸಿ, ಒಟ್ಟಿಗೇ ದೂರು ಕೊಡೋಣ.