ಬಜೆಟ್ ಲೆಕ್ಕಕ್ಕೆ ಎಐ ಏಜೆಂಟ್ ಮಾಡಿಸುವವರೇ, ಮುಂಗಡ ಕೊಡುವ ಮುನ್ನ ಇದನ್ನು ಓದಿ

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದಲ್ಲಿ ಅನುದಾನದ ಲೆಕ್ಕ ಕೇಳುವವರು ಹೆಚ್ಚಾಗಿದ್ದಾರೆ. ಆಗಬೇಕಾದದ್ದೇ. ಸಂಘಟನೆಗಳು, ಪತ್ರಕರ್ತರು, ಪಂಚಾಯಿತಿ ಸದಸ್ಯರು ಈಗ ಆ ಲೆಕ್ಕಕ್ಕೆ ಎಐ ಏಜೆಂಟ್, ಅಂದರೆ ಪ್ರಶ್ನೆ ಕೇಳಿದರೆ ದಾಖಲೆ ಹುಡುಕಿ ಉತ್ತರ ಕೊಡುವ ತಂತ್ರಾಂಶ, ಮಾಡಿಸಿಕೊಳ್ಳಲು ಓಡಾಡುತ್ತಿದ್ದಾರೆ. ಕಲಬುರಗಿಯಲ್ಲಿ ನಮಗಾದ ಪಾಡು ಅವರಿಗೆ ಆಗಬಾರದು.

ನಮ್ಮದು ಕಲಬುರಗಿ, ಯಾದಗಿರಿ ಜಿಲ್ಲೆಗಳ ಶಾಲೆ, ಅಂಗನವಾಡಿ, ಕುಡಿಯುವ ನೀರಿಗೆ ಬರುವ ಹಣದ ಮೇಲೆ ಕಣ್ಣಿಡುವ ಸಣ್ಣ ಗುಂಪು. ಬಜೆಟ್ ಸಂಪುಟ, ಜಿಲ್ಲಾ ಪಂಚಾಯಿತಿ ಲೆಕ್ಕ, ಕಾಮಗಾರಿ ಪಟ್ಟಿ ಎಲ್ಲವನ್ನೂ ವರ್ಷಗಟ್ಟಲೆ ಎಕ್ಸೆಲ್‌ಗೆ ಏರಿಸಿಟ್ಟಿದ್ದೆವು. ಒಂದು ಸಂಸ್ಥೆಯವರು ಅದರ ಮೇಲೆ ಏಜೆಂಟ್ ಮಾಡಿಕೊಟ್ಟರು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ. ಡೆಮೊ ದಿನ ಎಲ್ಲರಿಗೂ ಖುಷಿಯೋ ಖುಷಿ.

ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಗ್ರಾಮಸಭೆಯಲ್ಲಿ ಬಣ್ಣ ಬಯಲಾಯಿತು. ಶಾಲಾ ಕೊಠಡಿಗೆ ಇಷ್ಟು ಲಕ್ಷ ಖರ್ಚಾಗಿದೆ ಎಂದು ಏಜೆಂಟ್ ಕೊಟ್ಟ ಉತ್ತರವನ್ನು ಅಲ್ಲಿ ಓದಲಾಯಿತು. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರು ಎದ್ದು ನಿಂತರು. "ರೊಕ್ಕ ಖರ್ಚಾಗ್ಯಾದ ಅಂತೀರಿ. ಖೋಲಿ ಎಲ್ಲಿ ಅದ ತೋರಸ್ರಿ. ಬುನಾದಿ ಸುದ್ದಾ ತಗದಿಲ್ಲ." ಜನರ ಕಣ್ಣೆಲ್ಲ ಮುಖ್ಯಶಿಕ್ಷಕರ ಮೇಲೆ ಬಿತ್ತು. ಒಂದು ರೂಪಾಯಿಯನ್ನೂ ಕೈಯಲ್ಲಿ ಮುಟ್ಟದ ಮನುಷ್ಯ ಊರ ಮುಂದೆ ಕಳ್ಳನಂತೆ ನಿಲ್ಲಬೇಕಾಯಿತು. ಆ ಮೊತ್ತ ಮಂಜೂರಾಗಿತ್ತು ಅಷ್ಟೇ, ಬಿಡುಗಡೆಯೇ ಆಗಿರಲಿಲ್ಲ. ಹಾಳೆಯಲ್ಲಿ ಮಂಜೂರು, ಬಿಡುಗಡೆ, ಖರ್ಚು ಮೂರೂ ಬೇರೆ ಬೇರೆ ಕಾಲಂಗಳಲ್ಲಿ ಸರಿಯಾಗಿಯೇ ಇದ್ದವು.

ಹಾಗಾದರೆ ಎಡವಟ್ಟು ಎಲ್ಲಿ? ಏಜೆಂಟ್ ಹಾಳೆಯನ್ನು ನೇರವಾಗಿ ಓದುವುದಿಲ್ಲ. ಅದರ ಕೈಗೆ ಕೆಲವು ಟೂಲ್‌ಗಳನ್ನು, ಅಂದರೆ ಹಾಳೆಯಿಂದ ಅಂಕಿ ತೆಗೆದುಕೊಡುವ ಸಣ್ಣ ಪ್ರೋಗ್ರಾಂಗಳನ್ನು, ಕೊಟ್ಟಿರುತ್ತಾರೆ. ಯಾವ ಟೂಲ್ ಕರೆಯಬೇಕು, ಅದಕ್ಕೆ ಏನು ಕೊಡಬೇಕು, ಬಂದದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂಬುದನ್ನೆಲ್ಲ ಅದು ಟೂಲ್‌ನ ಹೆಸರು ಮತ್ತು ವಿವರಣೆ ನೋಡಿಯೇ ತೀರ್ಮಾನಿಸುತ್ತದೆ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ನಮ್ಮ ಟೂಲ್‌ನ ಹೆಸರು 'ಗೆಟ್ ಡೇಟಾ'. ವಿವರಣೆ ಒಂದೇ ಸಾಲು: 'ಬಜೆಟ್ ಮಾಹಿತಿ ಕೊಡುತ್ತದೆ.' ಕೊಡಬೇಕಾದ ವಿವರ ಜಿಲ್ಲೆ, ವರ್ಷ, ಬಗೆ. ಬಗೆಗೆ 1, 2 ಅಥವಾ 3. ಒಂದು ಎಂದರೆ ಮಂಜೂರು, ಮೂರು ಎಂದರೆ ಖರ್ಚು ಎಂಬುದು ಕೋಡ್ ಬರೆದವರ ತಲೆಯಲ್ಲಿ ಮಾತ್ರ ಇತ್ತು. ಖರ್ಚು ಕೇಳಿದಾಗಲೂ ಏಜೆಂಟ್ 1 ಕೊಟ್ಟಿತು, ಬಂದ ಅಂಕಿಯನ್ನು ಖರ್ಚು ಎಂದಿತು.

ಇದಕ್ಕಿಂತ ಭಯ ಹುಟ್ಟಿಸಿದ್ದು ಯಾದಗಿರಿಯ ಉತ್ತರ. 2007-08ರಲ್ಲಿ ಯಾದಗಿರಿ ಜಿಲ್ಲೆಗೆ ಎಷ್ಟು ಹಣ ಬಂತು ಎಂದು ಕೇಳಿದರೆ 'ಯಾವ ಹಣವೂ ಬಂದಿಲ್ಲ' ಎಂದಿತು. ಯಾದಗಿರಿ ಜಿಲ್ಲೆಯಾದದ್ದೇ 2009ರ ಡಿಸೆಂಬರ್ 30ರಂದು. ಅದಕ್ಕೂ ಮೊದಲಿನ ಹಣವೆಲ್ಲ ಗುಲ್ಬರ್ಗಾ ಲೆಕ್ಕದಲ್ಲಿದೆ. ಕಲಬುರಗಿ ಎಂದು ಹೆಸರು ಬದಲಾದದ್ದು 2014ರ ನವೆಂಬರ್ 1ರಂದು, ಹಾಗಾಗಿ 2012-13ಕ್ಕೆ ಕಲಬುರಗಿಯೂ ಖಾಲಿ. ಟೂಲ್ ಖಾಲಿ ಪಟ್ಟಿ ಕೊಟ್ಟಿತು, ಏಜೆಂಟ್ ಅದನ್ನು ಸೊನ್ನೆ ಮಾಡಿತು. ಹಿಂದುಳಿದ ನಾಡಿನ ಲೆಕ್ಕದಲ್ಲಿ ಸೊನ್ನೆ ಎಂದರೆ ಆರೋಪ. ಅದನ್ನು ನಂಬಿ ಯಾರಾದರೂ ಭಾಷಣ ಮಾಡಿದ್ದರೆ ನಮ್ಮ ನಿಜವಾದ ಅಹವಾಲುಗಳನ್ನೂ ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಲಕ್ಷ, ಕೋಟಿಯ ಗೊಂದಲವೂ ಇತ್ತು. 2024 ಎಂದರೆ 2023-24ಓ 2024-25ಓ ಎಂಬುದೂ ಏಜೆಂಟ್‌ಗೆ ಸ್ಪಷ್ಟವಿರಲಿಲ್ಲ.

ದೂರು ಕೊಟ್ಟರೆ ಸಂಸ್ಥೆಯವರು "ಇನ್ನೂ ದೊಡ್ಡ ಮಾಡೆಲ್ ಹಾಕಿಸಿಕೊಳ್ಳಿ" ಎಂದು ಮೇಲೆ ದುಡ್ಡು ಕೇಳಿದರು. ದಯವಿಟ್ಟು ಈ ಮಾತಿಗೆ ಬೀಳಬೇಡಿ. ಮಾಡೆಲ್ ಎಂದರೆ ಏಜೆಂಟ್‌ನ ಒಳಗಿರುವ ಎಐ ಮಿದುಳು; ನಾವು ಅದೇ ಮಾಡೆಲ್ ಇಟ್ಟುಕೊಂಡು ಟೂಲ್‌ಗಳನ್ನು ಬೇರ್ಪಡಿಸಿ, ವಿವರಣೆಯನ್ನು ಹೊಸದಾಗಿ ಬರೆಸಿದೆವು. ಬರೆದವರು ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಕೋಡ್‌ಗೆ ಕೂರಿಸಿದ್ದು ನಮ್ಮ ಗುಂಪಿನ ಹುಡುಗಿ. ಲೆಕ್ಕ ಬಲ್ಲವರೇ ಇದನ್ನು ಬರೆಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಟೂಲ್ ಮೂರಾಯಿತು. ಮೊದಲನೆಯದರ ವಿವರಣೆ ಹೀಗಿದೆ, ಬೇಕಾದವರು ಬಳಸಿಕೊಳ್ಳಿ:

'ಒಂದು ಜಿಲ್ಲೆಗೆ ಒಂದು ಆರ್ಥಿಕ ವರ್ಷದಲ್ಲಿ ಮಂಜೂರಾದ ಮೊತ್ತವನ್ನು ಮಾತ್ರ ಕೊಡುತ್ತದೆ. ಬಿಡುಗಡೆ ಅಥವಾ ಖರ್ಚು ಕೇಳಿದರೆ ಇದನ್ನು ಬಳಸಬಾರದು, ಅವಕ್ಕೆ ಬೇರೆ ಟೂಲ್‌ಗಳಿವೆ. ವರ್ಷವನ್ನು 2024-25 ಎಂಬ ರೂಪದಲ್ಲೇ ಕೊಡಬೇಕು; ಅದು ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಬಳಕೆದಾರರು 2024 ಎಂದಷ್ಟೇ ಹೇಳಿದರೆ ಯಾವ ವರ್ಷವೆಂದು ಕೇಳಬೇಕು. ಮೊತ್ತ ಲಕ್ಷ ರೂಪಾಯಿಗಳಲ್ಲಿದೆ. "ದಾಖಲೆ ಇಲ್ಲ" ಎಂದು ಬಂದರೆ ಹಣ ಬಂದಿಲ್ಲ ಎಂದು ಹೇಳಬಾರದು. 2009ರ ಡಿಸೆಂಬರ್ 30ಕ್ಕೂ ಮುಂಚಿನ ಯಾದಗಿರಿ ಲೆಕ್ಕ ಗುಲ್ಬರ್ಗಾ ಜಿಲ್ಲೆಯ ಮೊತ್ತದಲ್ಲಿ ಸೇರಿದೆ.'

ಜೊತೆಗೆ ಟೂಲ್ ಕೊಡುವ ಪ್ರತಿ ಅಂಕಿಯ ಪಕ್ಕದಲ್ಲೇ 'ಲಕ್ಷ ರೂಪಾಯಿ, ಮಂಜೂರು' ಎಂದು ಬರುವಂತೆ ಮಾಡಿದೆವು. ಈಗಲೂ ಸಭೆಗೆ ಹೋಗುವ ಪ್ರತಿ ಅಂಕಿಯನ್ನೂ ಮೂಲ ಪುಟದೊಂದಿಗೆ ತಾಳೆ ನೋಡುತ್ತೇವೆ.

ನೀವು ಮಾಡಿಸುವುದಿದ್ದರೆ ಮೊದಲು ಟೂಲ್‌ಗಳ ವಿವರಣೆಯ ಪ್ರತಿ ಕೇಳಿ. 'ಅದು ಟೆಕ್ನಿಕಲ್, ನಿಮಗೆ ಬೇಡ' ಎಂದರೆ ಅಲ್ಲಿಗೇ ಕೈಬಿಡಿ. ಕೊಟ್ಟರೆ, ಡೆಮೊದಲ್ಲಿ 2007-08ರ ಯಾದಗಿರಿ ಲೆಕ್ಕ ಕೇಳಿ. ಬಳ್ಳಾರಿ ಕಡೆಯವರು 2018-19ರ ವಿಜಯನಗರ ಜಿಲ್ಲೆಯದ್ದು ಕೇಳಿ. ಆ ಜಿಲ್ಲೆ ಆದದ್ದು 2021ರಲ್ಲಿ. ಉತ್ತರ ಸೊನ್ನೆ ಎಂದು ಬಂದರೆ ಮುಂಗಡ ಕೊಡಬೇಡಿ.