ಕ್ಯಾಟಲಾಗ್ ಕಂಪನಿ, ಚೈನ್ ಕಂಪನಿ, ಸಂತೆಪೇಟೆ ಚೀಲ: ಕೊಡಗಿನಲ್ಲಿ ಯಾವುದು ಗಿಟ್ಟುತ್ತದೆ?

"ಮನೆಯಲ್ಲೇ ಕೂತು ತಿಂಗಳಿಗೆ ಇಪ್ಪತ್ತು ಸಾವಿರ" ಅನ್ನೋ ವಾಟ್ಸಾಪ್ ಮೆಸೇಜ್ ನಿಮಗೂ ಬಂದಿರಬಹುದು. ಕ್ರೀಮು, ಲಿಪ್‌ಸ್ಟಿಕ್, ಶಾಂಪೂ ಮಾರುವ ಕೆಲಸ. ನಾನು ಸುಂಟಿಕೊಪ್ಪದ ಹತ್ತಿರ ಇರುವವಳು. ಇದನ್ನು ಮೂರು ರೀತಿಯಲ್ಲಿ ಮಾಡಿ ನೋಡಿದ್ದೇನೆ. ಒಂದು, ಕ್ಯಾಟಲಾಗ್ ತೋರಿಸಿ ಆರ್ಡರ್ ಹಿಡಿಯುವ ಕಂಪನಿ. ಎರಡು, ಜನರನ್ನು ಸೇರಿಸು ಅನ್ನುವ ಚೈನ್ ಕಂಪನಿ. ಮೂರು, ಯಾವ ಕಂಪನಿಯ ಹಂಗೂ ಇಲ್ಲದೆ ಮೈಸೂರಿನ ಸಂತೆಪೇಟೆಯಿಂದ ಸಗಟಾಗಿ ತಂದು ಮನೆಯಿಂದಲೇ ಮಾರುವುದು.

ಮೊದಲು ಕ್ಯಾಟಲಾಗ್. ಇದು ಹೊಸ ದಾರಿಯೇನೂ ಅಲ್ಲ. ಅಮೆರಿಕದಲ್ಲಿ ಮನೆ ಮನೆಗೆ ಹೋಗಿ ಪುಸ್ತಕ ಮಾರುತ್ತಿದ್ದ ಡೇವಿಡ್ ಮೆಕಾನೆಲ್, ಹೆಂಗಸರಿಗೆ ಪುಸ್ತಕಕ್ಕಿಂತ ತಾನು ಪುಕ್ಕಟೆ ಕೊಡುವ ಸೆಂಟೇ ಇಷ್ಟ ಅಂತ ಕಂಡುಕೊಂಡ. 1886ರಲ್ಲಿ ಸೆಂಟಿನ ಕಂಪನಿಯನ್ನೇ ಶುರು ಮಾಡಿದ. ಅದೇ ಮುಂದೆ ಕ್ಯಾಟಲಾಗ್ ತೋರಿಸಿ ಮೇಕಪ್ ಸಾಮಾನು ಮಾರುವ ಏವನ್ ಕಂಪನಿ ಆಯಿತು. ಇವತ್ತಿಗೂ ಮಾಲು ಹೋಗುವುದು ಸ್ಯಾಂಪಲ್‌ನಿಂದಲೇ, ಕ್ಯಾಟಲಾಗ್‌ನ ಚಿತ್ರದಿಂದ ಅಲ್ಲ.

ಫೌಂಡೇಶನ್, ಅಂದರೆ ಮುಖದ ಬಣ್ಣಕ್ಕೆ ಹೊಂದಿಸಿ ಹಚ್ಚುವ ಮೇಕಪ್ ಕ್ರೀಮ್, ಮಾರುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಎಲ್ಲರೂ ಅಂಗೈ ಹಿಂಭಾಗಕ್ಕೆ ಹಚ್ಚಿ ನೋಡುತ್ತಾರೆ. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ ಅಲ್ವಾ? ನಾನು ಗಿರಾಕಿಯನ್ನು ಜಗಲಿಗೆ ಕರೆದುಕೊಂಡು ಬಂದು, ದವಡೆಯ ಅಂಚಿಗೆ ಮೂರು ಶೇಡ್‌ನ ಮೂರು ಗೆರೆ ಎಳೆಯುತ್ತೇನೆ. ಐದು ನಿಮಿಷ ಬಿಟ್ಟು ನೋಡಿದರೆ ಯಾವ ಗೆರೆ ಕಾಣಿಸುವುದಿಲ್ಲವೋ ಅದೇ ಅವರ ಶೇಡ್. ಟ್ಯೂಬ್‌ಲೈಟ್ ಕೆಳಗೆ ಆರಿಸಿದ್ದು ಮದುವೆ ಫೋಟೋದಲ್ಲಿ ಬೂದಿ ಬಳಿದ ಹಾಗೆ ಕಾಣುತ್ತದೆ. ಹೀಗೆ ಮಾಡಿದ ಮೇಲೆ ಫೌಂಡೇಶನ್ ವಾಪಸ್ ಬಂದದ್ದು ತೀರಾ ಕಡಿಮೆ. ಆದರೆ ಆ ಮೂರು ಟ್ಯೂಬೂ ನನ್ನ ದುಡ್ಡಿನದ್ದು. ಕಂಪನಿ ಸ್ಯಾಂಪಲ್ ಪುಕ್ಕಟೆ ಕೊಡುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎಂಆರ್‌ಪಿ 500 ರೂಪಾಯಿಯ ಕ್ರೀಮ್ ನನಗೆ 400ಕ್ಕೆ ಬರುತ್ತದೆ ಅಂತಿಟ್ಟುಕೊಳ್ಳಿ. ಕಾಗದದ ಮೇಲೆ 100 ಲಾಭ. "ಅಕ್ಕ, ಇದೇ ಆನ್‌ಲೈನ್‌ನಲ್ಲಿ ಕಮ್ಮಿಗೆ ಸಿಗ್ತದೆ" ಅಂತ ಗಿರಾಕಿ ಫೋನ್ ತೋರಿಸುತ್ತಾಳೆ. ಅವಳು ಹೇಳುವುದು ನಿಜವೇ. 50 ಬಿಡಲೇಬೇಕು. ಆರ್ಡರ್ ಚಿಕ್ಕದಾದರೆ ಡೆಲಿವರಿ ಚಾರ್ಜ್ ಬೇರೆ. ಮಾದಾಪುರದ ಕಡೆ ತಲುಪಿಸಬೇಕಾದರೆ ಬಸ್ಸೋ ಸ್ಕೂಟಿ ಪೆಟ್ರೋಲೋ. ಕೊನೆಗೆ ಕೈಯಲ್ಲಿ ಉಳಿಯುವುದು 20, 30. ಕೊಂಡ ಮಾಲಿಗೆ ಕಂಪನಿ ಪಾಯಿಂಟ್ ಕೊಡುತ್ತದೆ, ಪಾಯಿಂಟ್ ಏರಿದರೆ ಬೋನಸ್ ಇದೆ, ನಿಜ. ಆದರೆ ತಿಂಗಳ ಕೊನೆಗೆ "ಇನ್ನೊಂಚೂರು ಪಾಯಿಂಟ್ ಬೇಕಿತ್ತು" ಅಂತ ಕಂಪನಿ ಕಡೆಯಿಂದ ಫೋನ್ ಬರುತ್ತದೆ. ಆಗ ತಮಗೇ ಬೇಡದ ಬಾಡಿ ಲೋಷನ್ ಕೊಂಡು ಕಪಾಟಿಗೆ ಸೇರಿಸುವವರನ್ನು ತುಂಬಾ ನೋಡಿದ್ದೇನೆ. ಅದು ಲಾಭದ ಲೆಕ್ಕದಲ್ಲಿ ಬರೆಯುವ ಖರ್ಚು.

ಕ್ಯಾಟಲಾಗ್ ಕಂಪನಿಗೆ ಗಿಟ್ಟುವ ಗಿರಾಕಿ ಒಂದೇ ತರದವರು: ಒಂದು ಕ್ರೀಮ್ ಮುಖಕ್ಕೆ ಒಗ್ಗಿದ ಮೇಲೆ ಅದನ್ನು ಬಿಡದವರು. ನನಗೆ ಹಾಗೆ ಸಿಕ್ಕವರು ಟೀಚರ್‌ಗಳು, ಬ್ಯಾಂಕ್‌ನವರು, ನರ್ಸ್‌ಗಳು. ಅವರಿಗೆ ಶೇಡ್ ತೋರಿಸಬೇಕಾಗಿಲ್ಲ, ಚೌಕಾಸಿ ಇಲ್ಲ. ಎರಡು ತಿಂಗಳಿಗೊಮ್ಮೆ "ಖಾಲಿಯಾಯ್ತು" ಅಂತ ಮೆಸೇಜ್ ಬರುತ್ತದೆ, ಗೂಗಲ್ ಪೇ ಮಾಡುತ್ತಾರೆ. ಇಂಥವರು ಹತ್ತಿಪ್ಪತ್ತು ಜನ ನಡೆಯುವ ದೂರದಲ್ಲಿದ್ದರೆ ಈ ಕೆಲಸ ಪರವಾಗಿಲ್ಲ. ಇಲ್ಲದಿದ್ದರೆ ಸುಮ್ನೆ ಓಡಾಟ.

ಚೈನ್ ಕಂಪನಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಂಪನಿಯ ಹೆಸರೂ ಬೇಡ. ಅಲ್ಲಿನ ಲೀಡರ್ ಮೇಡಂ ಮೊದಲ ಮೀಟಿಂಗಿನಲ್ಲೇ "ಮಾರೋದನ್ನ ಬಿಡಿ, ಆರು ಜನರನ್ನ ಸೇರಿಸಿ" ಅಂದರು. ಆರು ಜನ ತಲಾ ಆರು ಜನರನ್ನು ಸೇರಿಸಿದರೆ 36, ಆಮೇಲೆ 216. ಹೀಗೇ ಹೋದರೆ ಎಂಟನೇ ಮೆಟ್ಟಿಲಲ್ಲಿ 16 ಲಕ್ಷ ದಾಟುತ್ತದೆ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆಯೇ ಐದೂವರೆ ಲಕ್ಷ! ಹಸುಗೂಸನ್ನೂ ಸೇರಿಸಿಕೊಂಡರೂ ಸಾಲದು. ನಮ್ಮ ಕಡೆ ಮೊದಲು ಸಿಗುವವರು ನೆಂಟರು, ಆಮೇಲೆ ಸ್ತ್ರೀಶಕ್ತಿ ಸಂಘದವರು. ಸಂಘದಲ್ಲಿ ನಾಲ್ಕು ಜನ ಸೇರಿಬಿಟ್ಟರೆ ಉಳಿದವರು ಗಿರಾಕಿಗಳಾಗಿ ಉಳಿಯುವುದಿಲ್ಲ. ಎಲ್ಲರೂ ಮಾರುವವರೇ, ಕೊಳ್ಳುವವರು ಯಾರು? ಮದುವೆ ಮನೆಯಲ್ಲಿ ನನ್ನನ್ನು ಕಂಡು ಚಿಕ್ಕಮ್ಮನ ಮಗಳು ಮುಖ ತಿರುಗಿಸಿದ ದಿನವೇ ಆ ಕಂಪನಿಯ ಐಡಿ (ಸದಸ್ಯತ್ವದ ನಂಬರ್) ಬಿಟ್ಟೆ.

ಕಾನೂನು ಮಾತ್ರ ಗೊತ್ತಿರಲಿ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟದ ನಿಯಮ ತಂದಿದೆ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಸ್ಕೀಮ್ ಮಾಡುವಂತಿಲ್ಲ, ಸೇರಲು ಫೀಸು ಕೇಳುವಂತಿಲ್ಲ. ಮಾರುವವರಿಗೂ ನಿಯಮ ಇದೆ: ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಯಾರ ಮನೆಗೂ ಹೋಗುವಂತಿಲ್ಲ. "ಫೀಸಿಲ್ಲ, ಆದರೆ ಐಡಿ ಆನ್ ಆಗಲು ಇಷ್ಟು ಸಾವಿರದ ಪ್ಯಾಕೇಜ್ ತಗೊಳ್ಳಿ" ಅಂದರೆ ಎದ್ದು ಬನ್ನಿ. ಇನ್ನೊಂದು, ಕಂಪನಿಗೆ ಪ್ಯಾನ್ ನಂಬರ್ ಕೊಟ್ಟಿರಿ. ವರ್ಷಕ್ಕೆ ಕಮಿಷನ್ 20,000 ದಾಟಿದರೆ 2% ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ. ಪ್ಯಾನ್ ಇಲ್ಲದಿದ್ದರೆ 20% ಹೋಗುತ್ತದೆ.

ಮೂರನೆಯದು ಸಂತೆಪೇಟೆ ಚೀಲ. ನೋಡಲು ಏನೂ ಅಂದವಿಲ್ಲ. ಕಾಜಲ್, ನೈಲ್ ಪಾಲಿಶ್, ಬಿಂದಿ, ಕ್ಲಿಪ್ಪು, ಪೌಡರ್, ವ್ಯಾಸಲೀನ್, ಹಿಮ್ಮಡಿ ಒಡೆದದ್ದಕ್ಕೆ ಹಚ್ಚುವ ಕ್ರೀಮ್. 40ಕ್ಕೆ ತಂದದ್ದನ್ನು 60ಕ್ಕೆ ಕೊಟ್ಟರೂ ಯಾರೂ ಫೋನ್ ತೆಗೆದು ರೇಟ್ ನೋಡುವುದಿಲ್ಲ. ದೊಡ್ಡ ಗಿರಾಕಿಗಳು ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ ಇರುವವರು. ಈಗ ನಮ್ಮ ತೋಟಗಳಲ್ಲಿ ಅಸ್ಸಾಂ ಕಡೆಯವರು ತುಂಬಾ ಇದ್ದಾರೆ. ಆ ಹುಡುಗಿಯರು ಸಿಂಧೂರ, ಕೆಂಪು ನೈಲ್ ಪಾಲಿಶ್ ಕೇಳಿ ತೆಗೆದುಕೊಳ್ಳುತ್ತಾರೆ. ನನ್ನ ಹರಕುಮುರುಕು ಹಿಂದಿ ಇದಕ್ಕೆ ಸಾಕು. ಬಟವಾಡೆಯ ದಿನ ಸಂಜೆ ಹೋದರೆ ಕೈಗೆ ಕಾಸು, ಬಾಕಿ ಇಲ್ಲ. ಬೇರೆ ದಿನ ಹೋದರೆ "ಮುಂದಿನ ವಾರ ಅಕ್ಕ" ಅನ್ನೋದೇ. ತೋಟದ ರೈಟರ್‌ಗೆ (ಲೆಕ್ಕ ಬರೆಯುವವರಿಗೆ) ಮೊದಲೇ ಒಂದು ಮಾತು ಹೇಳಿ ಹೋಗಬೇಕು.

ತೊಂದರೆ ಇಲ್ಲವೆಂದಲ್ಲ. ಮಳೆಗಾಲದಲ್ಲಿ ಪೌಡರ್ ಡಬ್ಬಿಯೊಳಗೆ ಗಂಟು ಕಟ್ಟುತ್ತದೆ, ಬಿಂದಿಯ ಅಂಟು ಹೋಗುತ್ತದೆ, ಕಾಗದದ ಪೆಟ್ಟಿಗೆ ಬೂಷ್ಟು ಹಿಡಿಯುತ್ತದೆ. ಮಾರದೆ ಉಳಿದದ್ದನ್ನು ಸಗಟು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ನಕಲಿ ಮಾಲಂತೂ ರಾಶಿ ಇದೆ. ಬ್ಯಾಚ್ ನಂಬರ್, ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಎಕ್ಸ್‌ಪೈರಿ ಇಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟುವುದಿಲ್ಲ. ಮುಖ್ಯವಾಗಿ ಹೆಸರು ಗೊತ್ತಿಲ್ಲದ ಬೆಳ್ಳಗಾಗುವ ಕ್ರೀಮ್. ಅದರಲ್ಲಿ ಲಾಭ ಜಾಸ್ತಿ, ಕೇಳುವವರೂ ಜಾಸ್ತಿ. ಆದರೆ 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದನ್ನು ಅಲ್ಲಿನ ವೈದ್ಯರೇ ಪತ್ತೆ ಮಾಡಿದ್ದಾರೆ. ಕಾರಣ ಪಾದರಸ. ಕೇಳಿ ಬಂದವರಿಗೆ ಇದನ್ನು ಹೇಳಿ ಕಳಿಸುತ್ತೇನೆ. ಕೆಲವರು ಬೇರೆ ಕಡೆ ಕೊಳ್ಳುತ್ತಾರೆ, ಕೊಳ್ಳಲಿ.

ಹಾಕಿದ ದುಡ್ಡಿಗೆ, ಓಡಾಡಿದ ಹೊತ್ತಿಗೆ ಲೆಕ್ಕ ಹಾಕಿದರೆ ನನಗೆ ಚೀಲವೇ ಮುಂದೆ. ಕ್ಯಾಟಲಾಗ್ ಎರಡನೆಯದು. ಚೈನ್‌ಗೆ ಮೂರನೇ ಸ್ಥಾನವೂ ಬೇಡ. ಇಪ್ಪತ್ತು ಸಾವಿರ ಮಾತ್ರ ಯಾವುದರಲ್ಲೂ ಕಂಡಿಲ್ಲ. ಚೀಲ ಮತ್ತು ಕ್ಯಾಟಲಾಗ್ ಎರಡೂ ಸೇರಿ ಒಳ್ಳೆ ತಿಂಗಳಲ್ಲಿ ಮಕ್ಕಳ ಟ್ಯೂಷನ್ ಫೀಸು, ಗ್ಯಾಸ್, ಕರೆಂಟ್ ಬಿಲ್ಲು ಕಳೆಯುತ್ತದೆ. ಹಾಗಾಗಿ ಎರಡನ್ನೂ ಇಟ್ಟುಕೊಂಡಿದ್ದೇನೆ. ಟೀಚರ್‌ಗಳಿಗೆ ಕ್ಯಾಟಲಾಗ್, ಲೈನ್ ಮನೆಗೆ ಚೀಲ.

ಶುರು ಮಾಡುವ ಮನಸ್ಸಿದ್ದರೆ ಡಿಸೆಂಬರ್‌ನಲ್ಲಿ ಮಾಡಿ. ಕಾಫಿ ಕುಯ್ಲು ನಡೆಯುತ್ತಿರುತ್ತದೆ, ಜನರ ಕೈಯಲ್ಲಿ ದುಡ್ಡಿರುತ್ತದೆ. ಚಳಿಗೆ ಕ್ರೀಮ್ ಬೇಕೇ ಬೇಕು. ಏಪ್ರಿಲ್, ಮೇ ಮದುವೆಗಳಿಗೆ ಲಿಪ್‌ಸ್ಟಿಕ್, ಫೌಂಡೇಶನ್ ಹೋಗುತ್ತದೆ. ಜೂನ್‌ನಲ್ಲಿ ಮಾತ್ರ ಹೊಸ ಸ್ಟಾಕ್ ತರಬೇಡಿ. ಮಳೆ ಹಿಡಿದರೆ ಕೊರಿಯರ್‌ನವನು ಒಳಗಿನ ಊರುಗಳಿಗೆ ಬರುವುದಿಲ್ಲ, ಕರೆಂಟ್ ಇರುವುದಿಲ್ಲ, ಫೋನ್ ನೆಟ್‌ವರ್ಕೂ ಇರುವುದಿಲ್ಲ. ಸುಂಟಿಕೊಪ್ಪ ಪೇಟೆಯ ಗುರುತಿನ ಅಂಗಡಿಯೊಂದರ ವಿಳಾಸ ಕೊಟ್ಟು ಪಾರ್ಸೆಲ್ ಅಲ್ಲಿಗೇ ತರಿಸಿಕೊಳ್ಳುವುದು ಒಳ್ಳೆಯದು. ನಾನು ಹಾಗೇ ಮಾಡುತ್ತೇನೆ.