ಗೆಳೆಯರೊಂದಿಗಿನ ದೂರದ ಬೈಕ್ ಪ್ರವಾಸಕ್ಕೆ ಮೆಶ್ ಇಂಟರ್‌ಕಾಮ್: ಕೆಲವು ವರ್ಷಗಳ ಬಳಕೆಯ ನಂತರ

ಬೈಕ್ ಓಡಿಸುತ್ತಲೇ ಸವಾರರು ಪರಸ್ಪರ ಮಾತಾಡಲು ಹೆಲ್ಮೆಟ್‌ಗೆ ಅಳವಡಿಸುವ ಮೈಕು-ಸ್ಪೀಕರಿನ ಸಾಧನವಾದ ಇಂಟರ್‌ಕಾಮ್ ಒಬ್ಬರೇ ಓಡಾಡುವವರಿಗೆ ಒಂದು ಅನುಕೂಲ ಮಾತ್ರ. ಆದರೆ ಐದಾರು ಬೈಕುಗಳು ಹಲವು ದಿನ ಒಟ್ಟಿಗೆ ಸಾಗುವುದಾದರೆ, ಒಳ್ಳೆಯ ಹೆಲ್ಮೆಟ್, ಜಾಕೆಟ್‌ಗಳ ನಂತರ ಮೊದಲು ಕೊಳ್ಳಬೇಕಾದ ವಸ್ತು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹುಬ್ಬಳ್ಳಿ-ಧಾರವಾಡದ ನಮ್ಮ ಬಳಗ ಕೆಲವು ವರ್ಷಗಳಿಂದ ಮಧ್ಯಮ ಬೆಲೆಯ ಮೆಶ್ ಇಂಟರ್‌ಕಾಮ್‌ಗಳನ್ನು ಬಳಸುತ್ತಿದೆ. ದಾಂಡೇಲಿ, ಜೋಯಿಡಾ, ಅಣಶಿ ಘಟ್ಟದ ಮೂಲಕ ಕಾರವಾರಕ್ಕೆ ಇಳಿದು, ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ ಮಾರ್ಗವಾಗಿ ಮರಳುವ ಕಾಡಿನ ದಾರಿಯಲ್ಲೂ, ಗದಗ, ಲಕ್ಕುಂಡಿ, ಕೊಪ್ಪಳದ ಮೇಲೆ ಹಂಪಿಗೆ ಹೋಗುವ ಬಯಲು ದಾರಿಯಲ್ಲೂ ಇವುಗಳನ್ನು ಚೆನ್ನಾಗಿ ದುಡಿಸಿಕೊಂಡಿದ್ದೇವೆ.

ಇದಕ್ಕೂ ಮೊದಲು ನಮ್ಮಲ್ಲಿದ್ದವು ಬ್ಲೂಟೂತ್ ಇಂಟರ್‌ಕಾಮ್‌ಗಳು. ಅವುಗಳಲ್ಲಿ ಮೊದಲನೆಯವನ ಸಾಧನ ಎರಡನೆಯವನದಕ್ಕೆ, ಎರಡನೆಯವನದು ಮೂರನೆಯವನದಕ್ಕೆ ಹೀಗೆ ಸಾಲಾಗಿ ಜೋಡಣೆಯಾಗುವುದರಿಂದ, ನಡುವಿನವನೊಬ್ಬ ಪೆಟ್ರೋಲ್ ಬಂಕ್‌ಗೆ ತಿರುಗಿದನೆಂದರೆ ಅವನ ಹಿಂದಿನವರೆಲ್ಲರ ಸಂಪರ್ಕ ಕಡಿದುಹೋಗುತ್ತಿತ್ತು. ಮತ್ತೆ ಎಲ್ಲರೂ ರಸ್ತೆ ಬದಿಗೆ ನಿಂತು ಗುಂಡಿ ಒತ್ತುತ್ತಾ ಕೂರಬೇಕಾಗುತ್ತಿತ್ತು. ಮೆಶ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಸಾಧನವೂ ತನ್ನ ವ್ಯಾಪ್ತಿಯಲ್ಲಿರುವ ಉಳಿದೆಲ್ಲ ಸಾಧನಗಳೊಂದಿಗೆ ಸಂಪರ್ಕದಲ್ಲಿರುತ್ತದೆ. ಒಬ್ಬನು ದೂರವಾದರೆ ಮಾತು ಇನ್ನೊಬ್ಬನ ಸಾಧನದ ಮೂಲಕ ಹಾದು ಬರುತ್ತದೆ, ದೂರವಾದವನು ಹತ್ತಿರ ಬಂದೊಡನೆ ತಾನಾಗಿಯೇ ಸೇರಿಕೊಳ್ಳುತ್ತಾನೆ. ಹೆಚ್ಚಿನ ಬೆಲೆಗೆ ಇದೊಂದೇ ಕಾರಣ ಸಾಕು.

ಇದರ ನಿಜವಾದ ಉಪಯೋಗ ಹರಟೆಯಲ್ಲ. ಹಾವೇರಿ ಕಡೆಯ ಹಳ್ಳಿ ರಸ್ತೆಗಳಲ್ಲಿ ಸುಗ್ಗಿಯ ಹೊತ್ತಿಗೆ ಗೋವಿನಜೋಳವನ್ನು ಡಾಂಬರಿನ ಮೇಲೆಯೇ ಒಣಹಾಕಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ತಿರುವಿನಾಚೆ ಇರುವ ಆ ಕಾಳಿನ ಮೇಲೆ ಮುಂದಿನ ಚಕ್ರ ಹತ್ತಿದರೆ ಬ್ರೇಕ್ ಹಿಡಿಯುವ ಮಾತೇ ಇಲ್ಲ. ಹಳಿಯಾಳ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದೀಪವಿಲ್ಲದೆ ಮುಸ್ಸಂಜೆಯಲ್ಲಿ ಸಾಗುತ್ತಿರುತ್ತವೆ. ಮುಂದಿರುವವನು "ಎಡಕ್ಕ ಜ್ವಾಳ ಹಾಕ್ಯಾರ, ಸಾವಕಾಶ ಬರ್ರಿ" ಎಂದು ಹೇಳಿದ ಮರುಕ್ಷಣವೇ ಹಿಂದಿನ ಎಲ್ಲ ಬೈಕುಗಳ ವೇಗ ಇಳಿಯುವುದನ್ನು ನೋಡಿದವರಿಗೆ, ಕೈಸನ್ನೆಗೂ ಇದಕ್ಕೂ ಇರುವ ಅಂತರ ತಿಳಿಯುತ್ತದೆ. ಕೈಸನ್ನೆಯನ್ನು ಎರಡನೆಯವನು ಕಾಣುತ್ತಾನೆ, ಐದನೆಯವನಿಗೆ ಅದು ತಲುಪುವುದೇ ಇಲ್ಲ. ನಮ್ಮಲ್ಲಿ ಪಂಕ್ಚರ್ ಸಾಮಾನು, ಗಾಳಿ ಪಂಪು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊನೆಯ ಬೈಕಿನಲ್ಲಿರುತ್ತವೆ. ಆದ್ದರಿಂದ ಮುಂದಿನವನು ಮತ್ತು ಕೊನೆಯವನು ಪರಸ್ಪರ ಕೇಳಿಸಿಕೊಳ್ಳುತ್ತಿರುವುದು ಎಲ್ಲಕ್ಕಿಂತ ಮುಖ್ಯ.

ವ್ಯಾಪ್ತಿಯ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಮುದ್ರಿಸಿದ ಕಿಲೋಮೀಟರುಗಳನ್ನು ನಂಬಿ ಯೋಜನೆ ಹಾಕಬಾರದು. ಅದು ನಡುವೆ ಅಡ್ಡಿಯಿಲ್ಲದ, ಒಬ್ಬರಿಗೊಬ್ಬರು ನೇರವಾಗಿ ಕಾಣುವ ಬಯಲಿನ ಲೆಕ್ಕ. ಗದಗದಿಂದ ಕೊಪ್ಪಳದವರೆಗಿನ ಎರೆಭೂಮಿಯ ನೇರ ರಸ್ತೆಯಲ್ಲಿ ಆ ಲೆಕ್ಕಕ್ಕೆ ಸಮೀಪದ ಫಲ ಸಿಕ್ಕಿದೆ. ಅಣಶಿಯಲ್ಲಿ ಹಾಗಲ್ಲ: ಗುಡ್ಡದ ಮೈ ಅಡ್ಡ ಬಂದರೆ ಸಾಕು, ಎರಡು ತಿರುವು ಹಿಂದಿರುವವನ ದನಿ ಮೊದಲು ಹರಿದು ಹರಿದು ಕೇಳಿ, ಬಳಿಕ ನಿಂತೇ ಹೋಗುತ್ತದೆ. ಅರಬೈಲಿನಲ್ಲಿ ಸಾಲು ಲಾರಿಗಳೂ ಇದೇ ಕೆಲಸ ಮಾಡುತ್ತವೆ. ಹಾಗಾಗಿ ಹಿಂದಿನ ಬೈಕು ಕನ್ನಡಿಯಲ್ಲಿ ಕಾಣುವವರೆಗೆ ಕವಲುದಾರಿ ದಾಟಬಾರದೆಂಬ ಹಳೆಯ ನಿಯಮವನ್ನು ನಾವು ಬಿಟ್ಟಿಲ್ಲ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ಲೂ ಕೈಕೊಡುವುದರಿಂದ ಅದನ್ನು ಬಿಡುವಂತೆಯೂ ಇಲ್ಲ.

ಬಾಳಿಕೆ ಮೆಚ್ಚುವಂತಿದೆ. ಧಾರಾಕಾರ ಮಳೆಯಲ್ಲೂ ಯಾವ ಸಾಧನವೂ ಸತ್ತಿಲ್ಲ, ಆದರೆ ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಸಡಿಲವಾಗುತ್ತಾ ಬಂದಿರುವುದರಿಂದ ಪ್ರತಿ ರಾತ್ರಿ ಅದನ್ನು ಒರೆಸಿ ಒಣಗಿಸಿಯೇ ಚಾರ್ಜಿಗೆ ಹಾಕುತ್ತೇವೆ. ಬ್ಯಾಟರಿ ಮೊದಲು ಇಡೀ ದಿನ ಬರುತ್ತಿತ್ತು. ಈಗ ಊಟದ ಹೊತ್ತಿನಲ್ಲಿ ಪವರ್ ಬ್ಯಾಂಕಿಗೆ ಹಚ್ಚದಿದ್ದರೆ ಸಂಜೆ ಮೂಕವಾಗುತ್ತದೆ. ಮೆಶ್ ವಿಧಾನ ಬ್ಲೂಟೂತ್‌ಗಿಂತ ಹೆಚ್ಚು ವಿದ್ಯುತ್ ಬೇಡುವುದರಿಂದ ಈ ಇಳಿಕೆ ಬೇಗ ಗೊತ್ತಾಗುತ್ತದೆ. ಮೈಕಿನ ಸ್ಪಂಜು ಸವೆದರೆ ಒಬ್ಬನ ಹೆಲ್ಮೆಟ್ಟಿನ ಗಾಳಿಯ ಸದ್ದು ಎಲ್ಲರ ಕಿವಿಗೂ ನುಗ್ಗುತ್ತದೆ, ಆದ್ದರಿಂದ ಬಿಡಿ ಸ್ಪಂಜುಗಳು ಜೊತೆಗಿರಲೇಬೇಕು. ಸ್ಪೀಕರ್ ಕೂರಿಸಲು ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲ್ ಪದರವನ್ನು ಕೆತ್ತುವವರಿದ್ದಾರೆ. ಬಿದ್ದಾಗ ಪೆಟ್ಟನ್ನು ಹೀರಿಕೊಳ್ಳುವುದು ಆ ಪದರವೇ ಆಗಿರುವುದರಿಂದ ಅದನ್ನು ಎಂದಿಗೂ ಮುಟ್ಟಬಾರದು. ಕಿವಿಯ ಜಾಗದಲ್ಲಿ ಮೊದಲೇ ಗುಳಿ ಇರುವ, ಐಎಸ್‌ಐ ಗುರುತಿನ ಹೆಲ್ಮೆಟ್ ಆರಿಸಿಕೊಳ್ಳಬೇಕು.

ನನ್ನ ದೊಡ್ಡ ಅಸಮಾಧಾನ ದುರಸ್ತಿಯದು. ಗೆಳೆಯನೊಬ್ಬನ ಸಾಧನ ಕೆಟ್ಟಾಗ ಹುಬ್ಬಳ್ಳಿಯಲ್ಲಿ ನೋಡುವವರಿಲ್ಲದೆ ಕೊರಿಯರ್ ಮಾಡಬೇಕಾಯಿತು, ಅದು ಮರಳುವಷ್ಟರಲ್ಲಿ ಪ್ರವಾಸವೇ ಮುಗಿದಿತ್ತು. ಒಂದು ಕಂಪನಿಯ ಮೆಶ್ ಇನ್ನೊಂದು ಕಂಪನಿಯದರೊಂದಿಗೆ ಸಾಮಾನ್ಯವಾಗಿ ಬೆರೆಯದಿರುವುದು ಇನ್ನೊಂದು ತೊಡಕು. ಬೇರೆ ಕಂಪನಿಯದನ್ನು ಬ್ಲೂಟೂತ್ ಮೂಲಕ ಸೇರಿಸಿಕೊಳ್ಳಬಹುದಾದರೂ ಧ್ವನಿಯ ಗುಣಮಟ್ಟ ಕುಸಿಯುತ್ತದೆ. ಬಳಗದವರೆಲ್ಲ ಮಾತಾಡಿಕೊಂಡು ಒಂದೇ ಕಂಪನಿಯದನ್ನು ಕೊಳ್ಳುವುದು ಒಳ್ಳೆಯದು. ಎಲ್ಲರಿಗೂ ಒಮ್ಮೆಲೇ ಹಣ ಹೊಂದದಿದ್ದರೆ ಮೊದಲ ಜೋಡಿಯನ್ನು ಮುಂದಿನ ಮತ್ತು ಕೊನೆಯ ಸವಾರರಿಗೆ ಕೊಡಿಸಿ, ಉಳಿದವರದನ್ನು ಮುಂದಿನ ಪ್ರವಾಸದ ಹೊತ್ತಿಗೆ ಸೇರಿಸಿಕೊಳ್ಳಬಹುದು.